ಏನೂ ಸಿಕ್ಕಿಲ್ಲ

‘ಈ ಕೆಲಸಕ್ಕೆ ನಿಮಗೆ ಪ್ರೇರಣೆ ಏನು?’ ಎಂದು ಹಾಳೆಯ ಮೇಲೆ ಅಚ್ಚಾಗಿತ್ತು. ಕೆಳಗೆ ಐದು ಚೌಕಗಳು. ಸಮಾಜ ಸೇವೆ. ಜನರಿಂದ ಸಿಗುವ ಗೌರವ. ಭತ್ಯೆ. ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದ ಅನುಭವ. ಐದನೆಯದು ‘ಇತರೆ’, ಅದರ ಮುಂದೆ ಹೆಬ್ಬೆರಳಿನಷ್ಟು ಉದ್ದದ ಗೆರೆ. ಮನುಷ್ಯರು ಒಂದು ಕೆಲಸಕ್ಕೆ ಅಂಟಿಕೊಳ್ಳಲು ಇರುವುದು ನಾಲ್ಕೇ ಕಾರಣ, ಮಿಕ್ಕಿದ್ದೆಲ್ಲ ಆ ಗೆರೆಯ ಮೇಲೆ ಹಿಡಿಸುತ್ತದೆ ಎಂದು ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದರು.

ಹಾಳೆ ತಂದವಳು ಯಾವುದೋ ಅಧ್ಯಯನದವಳು. ಆರೋಗ್ಯ ಕೇಂದ್ರದಲ್ಲಿ ನಾವು ಅವಳನ್ನು ಪ್ರಶ್ನೆ ಮೇಡಂ ಎಂದು ಕರೆಯುತ್ತಿದ್ದೆವು. ತೂಕದ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಮನಸ್ಸಿಗೆ ಬಂದದ್ದನ್ನ ಟಿಕ್ ಮಾಡಿ ಮೇಡಂ. ಇದ್ರಲ್ಲಿ ತಪ್ಪು, ಸರಿ ಅಂತೇನಿಲ್ಲ."

"ತಪ್ಪು, ಸರಿ ಇಲ್ಲದ ಪ್ರಶ್ನೇನ ಯಾಕೆ ಕೇಳ್ತೀರಿ?"

"ಡೇಟಾ ಬೇಕಲ್ಲ, ಮೇಡಂ" ಎಂದು ಅವಳು ನಕ್ಕಳು. ತರಬೇತಿಯಲ್ಲಿ ಕಲಿಸಿದ ನಗು. ನಮಗೂ ಅದೇ ನಗುವನ್ನು ಕಲಿಸಿದ್ದಾರೆ, ಹಾಗಾಗಿ ಗುರುತು ಸಿಕ್ಕಿತು. ಯೋಚಿಸಿ ಕೊಡುತ್ತೇನೆ ಎಂದು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಒಂಬತ್ತು ವರ್ಷಗಳಿಂದ ನಾನು ಮನೆ ಮನೆಗೆ ಹೋಗಿ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುತ್ತಿದ್ದೇನೆ. ಅವರನ್ನು ಕಂಡರೆ ನನಗೆ ಪ್ರೀತಿ ಉಕ್ಕುವುದಿಲ್ಲ. ಮಿಕ್ಸಿಯ ಗ್ಯಾರಂಟಿ ಕಾರ್ಡನ್ನು ಎಂಟು ವರ್ಷ ಜೋಪಾನ ಮಾಡಿದವಳಿಗೆ ತನ್ನ ಮೈಗೆ ಐದು ನಿಮಿಷ ಕೊಡಲು ಪುರುಸೊತ್ತಿಲ್ಲ. ಒಬ್ಬಳು "ನನಗೇನೂ ಆಗಿಲ್ವಲ್ಲ" ಎನ್ನುತ್ತಾಳೆ. ಆಗದೆ ಇರುವಾಗಲೇ ನೋಡಬೇಕು ಎಂದರೆ ನಾನೇ ರೋಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳ ಹಾಗೆ ನೋಡುತ್ತಾಳೆ. ಇನ್ನೊಬ್ಬಳು ಗಂಡನನ್ನು ಕೇಳಬೇಕು ಎನ್ನುತ್ತಾಳೆ. ಆ ಗಂಡನಿಗೆ ಮನೆಯ ಗ್ಯಾಸ್ ಸಿಲಿಂಡರ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

ಈ ವರ್ಷ ಆಸ್ಪತ್ರೆಗೆ ಕರೆದೊಯ್ಯುವ ತಾಪತ್ರಯ ತಪ್ಪಿಸಲು ಕಿಟ್ ಬಂದಿತ್ತು. ಒಂದು ಪುಟ್ಟ ಬ್ರಷ್, ಒಂದು ಟ್ಯೂಬು. ಹೆಂಗಸರು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ತಾವೇ ಬ್ರಷ್ ಒಳಗಿಟ್ಟು ತಿರುಗಿಸಿ, ಟ್ಯೂಬಿಗೆ ಹಾಕಿ ಕೊಟ್ಟರಾಯಿತು. ನಮ್ಮ ಬೀದಿಯಲ್ಲಿ ನಲವತ್ತೆರಡು ಕಿಟ್ ಹಂಚಿದೆ, ನಲವತ್ತು ವಾಪಸು ಬಂದವು. ನಮ್ಮ ಮೇಲ್ವಿಚಾರಕರು ಖುಷಿಯಿಂದ ನನ್ನ ಹೆಸರನ್ನು ಬೋರ್ಡಿನ ಮೇಲೆ ಬರೆಸಿದರು. ಅವರನ್ನು ನಾವು ಶೇಕಡಾ ಸರ್ ಎನ್ನುತ್ತೇವೆ. "ಹೇಗಿದ್ದೀರಿ ಸರ್?" ಎಂದು ಕೇಳಿದರೂ ಶೇಕಡಾ ಲೆಕ್ಕದಲ್ಲೇ ಉತ್ತರ ಕೊಡುವ ಮನುಷ್ಯ.

"ತೊಂಬತ್ತೈದು! ತಾಲೂಕಲ್ಲೇ ಯಾರೂ ಮುಟ್ಟಿಲ್ಲ, ನೋಡಿ" ಎಂದರು.

ಪ್ರಶ್ನೆ ಮೇಡಂ ಬಂದ ದಿನವೇ ಲ್ಯಾಬಿನಿಂದ ಪಟ್ಟಿಯೂ ಬಂದಿತ್ತು. ಮೊದಲು ಪಟ್ಟಿಯಲ್ಲಿ ಅಂಕಿಗಳ ಸಂಕೇತ ಇರುತ್ತಿತ್ತು. ಜನರಿಗೆ ಅರ್ಥವಾಗುವ ಮಾತಿನಲ್ಲಿ ಬರೆಯಿರಿ ಎಂದು ಮೇಲಿನಿಂದ ಆದೇಶವಾದ ಮೇಲೆ ಈ ಸಲ ಕನ್ನಡದಲ್ಲಿ ಬಂದಿತ್ತು. ಇಪ್ಪತ್ತೇಳು ಹೆಸರುಗಳ ಮುಂದೆ ‘ದೋಷ ಇಲ್ಲ’. ಎರಡರ ಮುಂದೆ ‘ವೈದ್ಯರನ್ನು ಕಾಣಬೇಕು’. ಹನ್ನೊಂದರ ಮುಂದೆ ‘ಏನೂ ಸಿಕ್ಕಿಲ್ಲ’.

ಆ ಇಬ್ಬರನ್ನು ನಾನೇ ಕರೆದುಕೊಂಡು ಹೋಗಿ ವೈದ್ಯರ ಮುಂದೆ ಕೂರಿಸಿದೆ. ಮಿಕ್ಕವರಿಗೆ ಬಾಗಿಲಲ್ಲೇ ನಿಂತು ಹೇಳಿದೆ. ಇಪ್ಪತ್ತೇಳು ಮಂದಿಗೆ "ದೋಷ ಇಲ್ಲ" ಎಂದೆ. ಹನ್ನೊಂದು ಮಂದಿಗೆ "ಏನೂ ಸಿಕ್ಕಿಲ್ಲ, ನಿಶ್ಚಿಂತೆಯಾಗಿರಿ" ಎಂದೆ. ನಾನು ರಸಾಯನಶಾಸ್ತ್ರ ಓದಿದವಳು. ಒಂದೇ ಪಟ್ಟಿಯಲ್ಲಿ ಎರಡು ಬೇರೆ ಮಾತುಗಳಿದ್ದರೆ ಎರಡು ಬೇರೆ ಅರ್ಥಗಳಿರುತ್ತವೆ ಎಂಬುದು ಮೊದಲ ವರ್ಷದಲ್ಲೇ ತಲೆಗೆ ಹೋಗಬೇಕಾದ ವಿಷಯ. ಒಂದನ್ನು ಬೆಳಿಗ್ಗೆಯ ಗುಮಾಸ್ತ ಬರೆದಿರಬೇಕು, ಇನ್ನೊಂದನ್ನು ಮಧ್ಯಾಹ್ನದವನು ಎಂದುಕೊಂಡು ಸುಮ್ಮನಾದೆ. ಬೋರ್ಡಿನ ಮೇಲೆ ಹೆಸರು ಬಿದ್ದವರಿಗೆ ಇಷ್ಟು ಬುದ್ಧಿ ಸಾಕು.

ಹನ್ನೊಂದನೆಯವಳು ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಹೊಲಿಗೆ ಅವಳ ಕಸುಬು. ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತು. ಬೀದಿ ಕಡೆಯ ಕೋಣೆ ಅವಳ ಹೊಲಿಗೆಯಂಗಡಿಯಾಯಿತು. ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಒಂದೇ. ಅದನ್ನು ಪಾಲು ಮಾಡುವುದು ಯಾರಿಗೂ ತೋಚಲಿಲ್ಲ. ಅವಳು ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ನಾನು ಮದುವೆಯಾಗಿ ಬಂದ ವಾರದಿಂದ ಬಿಎಸ್ಸಿ ಎಂದೇ ಕರೆಯುತ್ತಾಳೆ.

"ಅಕ್ಕಾ, ನಿಮ್ಮ ರಿಪೋರ್ಟ್ ಬಂತು. ಏನೂ ಸಿಕ್ಕಿಲ್ಲ" ಎಂದೆ.

ಅವಳು ಮಷೀನು ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೌದಾ? ಏನೂ ಸಿಕ್ಲಿಲ್ವಾ? ಚೆನ್ನಾಗಿ ಹುಡುಕಿದ್ರಂತಾ?"

"ಹುಡುಕ್ದೇ ಹೇಳ್ತಾರಾ?"

"ಪಾಪ!" ಎಂದು ಅವಳು ನಕ್ಕಳು. ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆ ಟೇಪು ಅಲುಗಾಡುವಷ್ಟು ನಕ್ಕಳು. ನಾನು ಮೂಗು ಮುರಿದು ಬಂದುಬಿಟ್ಟೆ.

ನಗುವಿಗೆ ಕಾರಣ ಮರುದಿನ ಗೋಡೆಯಾಚೆಯಿಂದ ಕೇಳಿಸಿತು. ರವಿಕೆಗೆ ಅಳತೆ ಕೊಡಲು ಬಂದ ನಾಲ್ಕೈದು ಮಂದಿಯ ಮುಂದೆ ಅವಳ ದನಿ ಏರಿತ್ತು.

"ಅಯ್ಯೋ, ನಾನೆಲ್ಲಿ ಮಾಡ್ಕೊಂಡೆ? ನಲ್ಲಿ ನೀರಲ್ಲಿ ಅದ್ದಿ, ಟ್ಯೂಬಿಗೆ ಹಾಕಿ, ತಗೊಳ್ಳಮ್ಮ ತಾಯಿ ಅಂತ ಕೊಟ್ಟೆ. ಬಿಎಸ್ಸಿ ಬಂದು ನಿಶ್ಚಿಂತೆಯಾಗಿರಿ ಅಂತಾಳೆ! ನಲ್ಲಿಗೆ ಕ್ಯಾನ್ಸರ್ ಇಲ್ವಂತೆ, ಬಿಡ್ರೇ, ಇಡೀ ಬೀದಿ ಧೈರ್ಯವಾಗಿ ನೀರು ಕುಡೀಬಹುದು."

ಗೊಳ್ಳೆಂದು ನಗು. ಅದರ ನಡುವೆ ಇನ್ನೊಂದು ದನಿ: "ನಾನೂ ಅಷ್ಟೇ ಕಣಕ್ಕಾ. ಪ್ಯಾಕೆಟ್ ಒಡೆದು ಹಾಗೇ ಹಾಕ್ಕೊಟ್ಟೆ. ನನಗೂ ಏನೂ ಸಿಕ್ಕಿಲ್ವಂತೆ."

ಪಟ್ಟಿ ತೆಗೆದು ಲ್ಯಾಬಿಗೆ ಫೋನ್ ಮಾಡಿದೆ. ಎತ್ತಿದವನು ಅಲ್ಲಿನ ಟೆಕ್ನಿಷಿಯನ್.

"ಏನೂ ಸಿಕ್ಕಿಲ್ಲ ಅಂತ ಬರ್ದಿದ್ದೀರಲ್ಲ, ಹಾಗಂದ್ರೆ ಏನು?"

"ಏನೂ ಸಿಕ್ಕಿಲ್ಲ ಅಂದ್ರೆ ಏನೂ ಸಿಕ್ಕಿಲ್ಲ ಮೇಡಂ."

"ಕಾಯಿಲೆ ಸಿಕ್ಕಿಲ್ಲ ಅಂತ ತಾನೆ?"

"ಕಾಯಿಲೆ ಸಿಗೋಕೆ ಮೊದಲು ಮನುಷ್ಯರು ಸಿಗಬೇಕಲ್ಲ! ಟ್ಯೂಬಲ್ಲಿ ಒಂದು ಜೀವಕೋಶಾನೂ ಇಲ್ಲ. ಪರೀಕ್ಷೆ ಮಾಡೋಕೇ ಏನೂ ಸಿಕ್ಕಿಲ್ಲ ಅಂತ ಅರ್ಥ. ಅವರಿಂದ ಮತ್ತೆ ತಗೋಬೇಕು. ಯಾಕೆ, ನಿಮ್ಮ ಸರ್‌ಗೆ ಕಾಗದ ಕಳ್ಸಿದ್ವಲ್ಲ?"

ಕಾಗದ ಶೇಕಡಾ ಸರ್‌ನ ಮೇಜಿನ ಮೇಲೆ, ಟೀ ಲೋಟದ ಕೆಳಗಿತ್ತು. ಅದರ ಮೇಲೆ ಲೋಟದ ದುಂಡನೆಯ ಕಲೆ ಬಿದ್ದಿತ್ತು. ಓದಿದ್ದಾರೆ ಎಂಬುದಕ್ಕೆ ಬೇರೆ ಗುರುತಿರಲಿಲ್ಲ.

"ಮತ್ತೆ ಹೋಗ್ಬೇಕು ಸರ್. ಹನ್ನೊಂದು ಜನಕ್ಕೆ ನಾನು ತಪ್ಪು ಹೇಳಿದ್ದೀನಿ."

"ತಪ್ಪೇನು ಹೇಳಿದ್ರಿ? ಪಟ್ಟೀಲಿ ಇದ್ದದ್ದನ್ನೇ ಹೇಳಿದ್ರಿ. ಅಕ್ಷರಶಃ."

"ಅವರಿಗೆ ಅದು ಬೇರೆ ಥರ ಕೇಳ್ಸಿದೆ."

"ಅದು ಅವರ ಕಿವಿ ಸಮಸ್ಯೆ ಮೇಡಂ. ನೋಡಿ, ಹನ್ನೊಂದು ತೆಗೆದ್ರೆ ನಾವು ಅರವತ್ತೊಂಬತ್ತಕ್ಕೆ ಬೀಳ್ತೀವಿ. ತೊಂಬತ್ತೈದು ಅಂತ ಮೇಲೆ ಹೋಗಿಯಾಗಿದೆ. ಮುಂದಿನ ಸುತ್ತು ಐದು ವರ್ಷಕ್ಕೆ ಬರುತ್ತಲ್ಲ, ಆಗ ನೋಡೋಣ." ದನಿ ತಗ್ಗಿಸಿ, "ಸುಳ್ಳು ಕೊಟ್ಟವರು ಅವರು. ನೀವ್ಯಾಕೆ ತಲೆ ಕೆಡಿಸ್ಕೋತೀರಿ?" ಎಂದರು.

ನಿಜ ಹೇಳಬೇಕೆಂದರೆ ಆ ಕೊನೆಯ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನೀರು ಕೊಟ್ಟವರಿಗೆ ನೀರಿನ ಫಲಿತಾಂಶ ಸಿಕ್ಕಿತ್ತು. ಹನ್ನೊಂದರಲ್ಲಿ ಹತ್ತು ಮಂದಿಯ ವಿಷಯದಲ್ಲಿ ನಾನು ಆ ಮಾತನ್ನು ಒಪ್ಪಿಕೊಂಡು ಮನೆಗೆ ಹೋಗುತ್ತಿದ್ದೆನೋ ಏನೋ. ಹನ್ನೊಂದನೆಯವಳ ವಿಷಯದಲ್ಲಿ ಮಾತ್ರ ಆಗಲಿಲ್ಲ. ಯಾಕೆಂದರೆ ಯಾರೂ ನನ್ನನ್ನು ಕೇಳದ, ನಾನೂ ಯಾರಿಗೂ ಹೇಳದ ಒಂದು ಸಂಗತಿ ನನಗೆ ಗೊತ್ತಿತ್ತು.

ಓರಗಿತ್ತಿಗೆ ಐವತ್ತಮೂರು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಆ ಸಂಭ್ರಮವನ್ನು ಅವಳೇ ಅಂಗಡಿಯಲ್ಲಿ ಸಾರಿದ್ದಳು. ಆದರೆ ನಾಲ್ಕು ತಿಂಗಳಿಂದ ಹಗ್ಗದ ಕೊನೆಯಲ್ಲಿ, ದುಪ್ಪಟಿಯ ಮಡಿಕೆಯೊಳಗೆ ಒಂದು ಮಾಸಿದ ಬಟ್ಟೆ ಒಣಗುತ್ತಿತ್ತು. ಒಗೆದರೂ ಕಲೆ ಪೂರ್ತಿ ಹೋಗಿರಲಿಲ್ಲ. ತಿಂಗಳ ಲೆಕ್ಕಕ್ಕೆ ಸಿಗದ ಹಾಗೆ, ಕೆಲವು ವಾರ ಇರುತ್ತಿತ್ತು, ಕೆಲವು ವಾರ ಇರುತ್ತಿರಲಿಲ್ಲ. ನಿಂತ ಮೇಲೆ ಮತ್ತೆ ರಕ್ತ ಕಂಡರೆ ಕಿಟ್ಟೂ ಬೇಡ, ಪಟ್ಟಿಯೂ ಬೇಡ, ನೇರ ವೈದ್ಯರ ಹತ್ತಿರ ಹೋಗಬೇಕು ಎಂದು ನಾನು ಒಂಬತ್ತು ವರ್ಷದಿಂದ ಊರಿಗೆಲ್ಲ ಹೇಳುತ್ತಿದ್ದೇನೆ. ಕಿಟ್ ಇರುವುದು ಯಾವ ತೊಂದರೆಯೂ ಕಾಣದವರಿಗೆ. ಆದರೂ ಓರಗಿತ್ತಿಯ ಕೈಗೆ ಕಿಟ್ಟನ್ನೇ ಕೊಟ್ಟೆ. "ಅಕ್ಕಾ, ನಿಮಗೆ ರಕ್ತ ಹೋಗ್ತಿದೆಯಾ?" ಎಂಬ ನಾಲ್ಕು ಪದ ಕೇಳಬೇಕಾಗುತ್ತದಲ್ಲ ಎಂದು ಪ್ಲಾಸ್ಟಿಕ್ ಟ್ಯೂಬೊಂದನ್ನು ನಡುವೆ ಹಿಡಿದೆ. ಗಂಡನನ್ನು ಕೇಳಬೇಕು ಎನ್ನುವವಳಿಗೂ ನನಗೂ ಏನು ವ್ಯತ್ಯಾಸ? ಅವಳಾದರೂ ಡಿಗ್ರಿ ತೋರಿಸುವುದಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಮನೆಗಳನ್ನು ಮುಗಿಸಿದೆ. ಇಬ್ಬರು ಬಾಗಿಲು ತೆಗೆಯಲಿಲ್ಲ. ಒಬ್ಬಳು, "ನೀವೇ ನಿಶ್ಚಿಂತೆ ಅಂದ್ರಿ, ಈಗ ನೀವೇ ಇಲ್ಲ ಅಂತೀರಿ, ನಿಮ್ಮ ಮಾತಿಗೆ ಬೆಲೆ ಎಲ್ಲಿದೆ?" ಎಂದಳು. ಬ್ರಷ್ಷನ್ನು ನೀರಿಗದ್ದಿ ಟ್ಯೂಬಿಗಿಳಿಸಿದ ಹೆಂಗಸು ನನಗೆ ಪ್ರಾಮಾಣಿಕತೆಯ ಪಾಠ ಹೇಳುತ್ತಿದ್ದಳು. ಕೇಳಿಸಿಕೊಂಡೆ. ಹೊಸ ಕಿಟ್ ಕೊಟ್ಟು, "ಈ ಸಲ ನೀರು ಬೇಡ" ಎಂದೆ.

ಆಮೇಲೆ ಹೊಲಿಗೆಯಂಗಡಿ. ಬೇಕೆಂದೇ ನಾಲ್ಕು ಮಂದಿ ಇರುವ ಹೊತ್ತಿಗೆ ಹೋದೆ. ಅವಳು ನಗಾಡಿದ್ದು ಎಲ್ಲರ ಮುಂದೆ. ನಾನು ಒಬ್ಬಳ ಕಿವಿಯಲ್ಲಿ ಒಪ್ಪಿಕೊಂಡರೆ ಬೀದಿಯಲ್ಲಿ ನಗುವೇ ಉಳಿಯುತ್ತದೆ.

"ಬಾ ಬಿಎಸ್ಸಿ, ನಲ್ಲಿ ಆರೋಗ್ಯ ಹೇಗಿದೆ?" ಎಂದಳು ಓರಗಿತ್ತಿ. ಕಿಟಕಿ ಪಕ್ಕ ಕಾಜಾ ಹಾಕುತ್ತಿದ್ದವಳು ಕಿಸಕ್ಕೆಂದಳು.

"ನಾನು ನಿಮಗೆ ಹೇಳಿದ್ದು ತಪ್ಪು ಅಕ್ಕಾ. ಏನೂ ಸಿಕ್ಕಿಲ್ಲ ಅಂದ್ರೆ ಚೆನ್ನಾಗಿದ್ದೀರಿ ಅಂತಲ್ಲ. ಪರೀಕ್ಷೆಗೆ ನಿಮ್ಮ ಜೀವಕೋಶಾನೇ ಸಿಕ್ಕಿಲ್ಲ ಅಂತ. ನನಗೆ ಗೊತ್ತಾಗ್ಲಿಲ್ಲ. ಕೇಳ್ಬೇಕಿತ್ತು, ಕೇಳ್ಲಿಲ್ಲ."

ಅವಳಿಗೆ ಇದು ಅನಿರೀಕ್ಷಿತ. ಹದಿನೆಂಟು ವರ್ಷಗಳಲ್ಲಿ ನಾನು ಅವಳ ಮುಂದೆ ‘ಗೊತ್ತಾಗ್ಲಿಲ್ಲ’ ಎಂದದ್ದು ಅದೇ ಮೊದಲು.

"ಕೇಳಿಸ್ಕೊಂಡ್ರೇನ್ರೇ? ಬಿಎಸ್ಸಿಗೆ ಗೊತ್ತಾಗ್ಲಿಲ್ವಂತೆ! ಇನ್ನೊಂದ್ಸಲ ಹೇಳು, ಇವಳಿಗೆ ಒಂದು ಕಿವಿ ಮಂದ."

"ಗೊತ್ತಾಗ್ಲಿಲ್ಲ" ಎಂದೆ, ಜೋರಾಗಿ. "ನೀವು ಹೇಳಿದ್ದೇ ಸರಿ. ನಲ್ಲಿ ನೀರನ್ನ ಲ್ಯಾಬಿನವರು ಕಂಡುಹಿಡಿದ್ರು, ನಾನು ಕಂಡುಹಿಡೀಲಿಲ್ಲ. ಲ್ಯಾಬು ಸುಳ್ಳಲ್ಲ, ನಾನು ದಡ್ಡಿ. ಇದನ್ನೂ ಬೀದಿಗೆಲ್ಲ ಹೇಳಿ."

ಅವರು ನಕ್ಕರು, ಆದರೆ ಆ ನಗುವಿಗೆ ಮೊದಲಿನ ಕಸುವಿರಲಿಲ್ಲ. ತಾನಾಗಿ ಬಿದ್ದವಳನ್ನು ಬೀಳಿಸುವುದರಲ್ಲಿ ಏನು ಮಜಾ? ಕಾಜಾ ಹಾಕುತ್ತಿದ್ದವಳು ಮೆಲ್ಲಗೆ, "ಹಾಗಾದ್ರೆ ನನ್ನದೂ ಮತ್ತೆ ಮಾಡ್ಬೇಕಾ?" ಎಂದಳು. ದನಿಯಲ್ಲೇ ಗೊತ್ತಾಯಿತು, ಅವಳೇ ಪ್ಯಾಕೆಟ್ ಒಡೆದು ಹಾಗೇ ಹಾಕಿದ್ದವಳು. ಬೆಳಿಗ್ಗೆ ಬಾಗಿಲು ತೆಗೆಯದ ಇಬ್ಬರಲ್ಲಿ ಒಬ್ಬಳು. ಅವಳಿಗೊಂದು ಕಿಟ್ ಕೊಟ್ಟೆ.

ಓರಗಿತ್ತಿ ಕೈ ಚಾಚಿದಳು. "ನಂದೂ ಕೊಡು. ಈ ಸಲ ಟ್ಯಾಂಕಿ ನೀರು ಹಾಕ್ತೀನಿ."

"ನಿಮಗಿಲ್ಲ."

"ಯಾಕೆ? ನನಗೇನು ಕೊಂಬಿದೆಯಾ?"

"ಹಿತ್ತಲಿಗೆ ಬನ್ನಿ, ಹೇಳ್ತೀನಿ."

ಅವಳು ಬರಲಿಲ್ಲ. ಸಂಜೆ ಬಟ್ಟೆ ತೆಗೆಯಲು ಬಂದಾಗ ನಾನು ಹಗ್ಗದ ಹತ್ತಿರವೇ ನಿಂತಿದ್ದೆ. ದುಪ್ಪಟಿಯ ಮಡಿಕೆ ಅವತ್ತೂ ದಪ್ಪಗಿತ್ತು. ಅವಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಅಕ್ಕಾ, ನಿಮಗೆ ರಕ್ತ ಹೋಗ್ತಿದೆ."

"ನನ್ನ ಬಟ್ಟೆ ನೀನ್ಯಾಕೆ ನೋಡ್ತೀಯ?"

"ಹಗ್ಗ ಒಂದೇ ಇದೆ."

"ಎಷ್ಟು ದಿನದಿಂದ ನೋಡ್ತಿದ್ದೀಯ?"

"ನಾಲ್ಕು ತಿಂಗಳು."

ಅವಳು ದುಪ್ಪಟಿಯನ್ನು ಎಳೆದು ಮುದ್ದೆ ಮಾಡಿ ಎದೆಗೆ ಅವುಚಿಕೊಂಡಳು. "ನಾಲ್ಕು ತಿಂಗಳು ನೋಡ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಊರಿಗೆಲ್ಲ ಮೈಕು ಹಿಡಿದು ಹೇಳ್ತೀಯ. ನನಗೆ ಒಂದು ಬ್ರಷ್ ಎಸೆದು ಹೋದೆ."

"ಹೌದು."

"ಥೂ ನಿನ್ನ!"

"ಹೌದು" ಎಂದೆ.

"ನಂಗೆ ಭಯ ಆಗಿ ನೀರಲ್ಲಿ ಅದ್ದಿದೆ. ನಿನಗೇನಾಗಿತ್ತು ಧಾಡಿ?"

ಅವಳ ಬಾಯಿಂದ ‘ಭಯ’ ಎಂಬ ಮಾತು ಬಂದದ್ದನ್ನು ನಾನು ಗಮನಿಸಲಿಲ್ಲ ಎಂಬಂತೆ ನಿಂತೆ. ಅವಳೂ ಆಡಿಲ್ಲ ಎಂಬಂತೆ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಂಡಳು. ನನ್ನವನ್ನೂ ಕಿತ್ತಳು.

"ನಾಳೆ ಎಂಟಕ್ಕೆ ಬಸ್ಸು. ಭಾವನಿಗೆ ಏನಂತ ಹೇಳ್ತೀರಿ?"

"ಅವರನ್ನ ಕೇಳಿ ಯಾವ ಕೆಲಸ ಮಾಡಿದ್ದೀನಿ? ಗುಂಡಿ ತರೋಕೆ ಪೇಟೆಗೆ ಹೋಗ್ತೀನಿ ಅಂತೀನಿ." ಬಾಗಿಲ ಹತ್ತಿರ ತಿರುಗಿದಳು. "ನೀನು ಕರೆದೆ ಅಂತ ಬರ್ತಿಲ್ಲ, ತಿಳ್ಕೋ. ಸಿಕ್ಕಿಲ್ಲ ಅಂದ್ರಲ್ಲ ಆ ಲ್ಯಾಬಿನವರು, ನಾನು ಇದ್ದೀನಿ ಅಂತ ತೋರ್ಸೋಕೆ ಬರ್ತಿದ್ದೀನಿ."

ಆಸ್ಪತ್ರೆಯ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆವು. ಒಳಗೆ ಹೋದವಳು ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದು, "ಪರೀಕ್ಷೆಗೆ ಅಂತ ಚೂರು ತೆಗೆದಿದ್ದಾರೆ. ಹತ್ತು ದಿನ ಅಂತೆ" ಎಂದಳು. ಬರುವ ದಾರಿಯಲ್ಲಿ ನಿಜವಾಗಿಯೂ ಗುಂಡಿ ಕೊಂಡಳು. ನೀಲಿ, ಎರಡು ಡಜನ್.

ಹತ್ತನೆಯ ದಿನ ವೈದ್ಯೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಗರ್ಭಕೊರಳಿನ ಕ್ಯಾನ್ಸರ್. ಮೊದಲ ಹಂತ, ಒಂದೇ ಕಡೆ ಇದೆ, ಶಸ್ತ್ರಚಿಕಿತ್ಸೆ ಆಗಬೇಕು. ಇನ್ನು ಆರು ತಿಂಗಳು ಬಿಟ್ಟಿದ್ದರೆ ಮಾತು ಬೇರೆ ಇರುತ್ತಿತ್ತು ಎಂದರು. ಓರಗಿತ್ತಿ ನನ್ನ ಕಡೆ ತಿರುಗಿ ನೋಡಲಿಲ್ಲ. ಅದಕ್ಕೂ ಮೊದಲಿನ ನಾಲ್ಕನ್ನು ನಾನು ಆಗಲೇ ತಿಂದಿದ್ದೆ.

"ಸಿಕ್ತಾ?" ಎಂದಳು ಹೊರಗೆ ಬಂದ ಮೇಲೆ, ಗೋಡೆಗೆ ಒರಗಿ.

"ಸಿಕ್ತು ಅಕ್ಕಾ. ಸಿಕ್ಕಿರೋದು ಕ್ಯಾನ್ಸರ್. ತೆಗೀಬಹುದು ಅಂದಿದ್ದಾರೆ."

"ಸದ್ಯ, ಈ ಸಲ ಬಿಡಿಸಿ ಹೇಳಿದೆ" ಎಂದಳು.

ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ಅವಳ ಮಂಚದ ಪಕ್ಕ ಕೂತು ಚೀಲದಲ್ಲಿ ಬಾಚಣಿಗೆ ಹುಡುಕುವಾಗ ಆ ಹಾಳೆ ಹೊರಗೆ ಬಿತ್ತು. ಅವಳು ಎತ್ತಿಕೊಂಡು, ಕಣ್ಣು ಕಿರಿದು ಮಾಡಿ ಓದಿದಳು.

"ಸಮಾಜ ಸೇವೆ! ಯಾರು, ನೀನಾ? ನಿನಗೆ ಸಮಾಜ ಕಂಡ್ರೇ ಆಗಲ್ಲ."

"ಆಗಲ್ಲ."

"ಗೌರವ ಅಂತೂ ಬೀದೀಲಿ ಹರಾಜಾಯ್ತು." ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ಅಯ್ಯಪ್ಪಾ, ಹೊಲಿಗೆ! ನನಗಿಂತ ಕೆಟ್ಟದಾಗಿ ಹೊಲಿದಿದ್ದಾರೆ... ಮತ್ತೆ ಯಾಕೆ ಮಾಡ್ತೀಯೇ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ನಾನು ಯೋಚಿಸಿದೆ. ಒಳ್ಳೆಯತನ ಎಂದು ಬರೆದರೆ ಸುಳ್ಳಾಗುತ್ತದೆ. ಕಣ್ಣಿಗೆ ಕಂಡದ್ದನ್ನು ಮಡಿಕೆಯೊಳಗೆ ಬಚ್ಚಿಡುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಉರಿಯಲ್ಲೇ ಒಂಬತ್ತು ವರ್ಷ ಮೆಟ್ಟಿಲು ಹತ್ತಿಳಿದೆ. ಈಗ ನಾನೂ ಅದೇ ಜನರಲ್ಲಿ ಒಬ್ಬಳು ಎಂದು ಗೊತ್ತಾಗಿದೆ, ಉರಿ ಮಾತ್ರ ಆರಿಲ್ಲ. ಇದಕ್ಕೆ ಆ ಗೆರೆ ಸಾಲುವುದಿಲ್ಲ. ಪೆನ್ನು ತೆಗೆದು ‘ಇತರೆ’ಯ ಮುಂದೆ ಎರಡು ಪದ ಬರೆದೆ.

ವಾರದ ನಂತರ ಪ್ರಶ್ನೆ ಮೇಡಂ ಫೋನ್ ಮಾಡಿದಳು. "ಮೇಡಂ, ‘ಬಟ್ಟೆ ಹಗ್ಗ’ ಅಂತ ಬರ್ದಿದ್ದೀರಿ. ಕೈತಪ್ಪಿ ಬರೆದಿದ್ದಾ?"

"ಇಲ್ಲ."

"ಇದಕ್ಕೆ ನಮ್ಮಲ್ಲಿ ಕೋಡ್ ಇಲ್ಲ. ನಿಮ್ಮ ಸರ್‌ನ ಕೇಳ್ದೆ, ಸಮಾಜ ಸೇವೆಗೆ ಸೇರ್ಸಿ, ನೂರಕ್ಕೆ ನೂರಾಗತ್ತೆ ಅಂದ್ರು. ನನಗ್ಯಾಕೋ ಸರಿ ಅನಿಸ್ಲಿಲ್ಲ. ಉತ್ತರ ಸಿಕ್ಕಿಲ್ಲ ಅಂತ ಹಾಕ್ಲಾ?"

"ಹಾಕಿ. ಆದ್ರೆ ಸಿಕ್ಕಿಲ್ಲ ಅಂದ್ರೆ ಏನು ಅಂತ ಕೆಳಗೆ ಬಿಡಿಸಿ ಬರೀರಿ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ವಿವರಿಸಲು ನನಗೆ ಪುರುಸೊತ್ತಿರಲಿಲ್ಲ. ಹನ್ನೊಂದರಲ್ಲಿ ಬಾಗಿಲು ತೆಗೆಯದವಳು ಇನ್ನೂ ಒಬ್ಬಳು ಉಳಿದಿದ್ದಳು. ಹೊರಡುವ ಮೊದಲು ಹಿತ್ತಲಿಗೆ ಹೋದೆ. ಓರಗಿತ್ತಿಯ ಬಟ್ಟೆಗಳನ್ನೂ ಈಗ ನಾನೇ ಒಣಗಿಸುತ್ತಿದ್ದೆ. ಒಂದೊಂದನ್ನೂ ಬಿಡಿಸಿ, ಅಗಲವಾಗಿ, ಮಡಿಕೆ ಇಲ್ಲದ ಹಾಗೆ ಹರವಿದೆ.

"ನನ್ನ ಲಂಗಾನ ಇಡೀ ಬೀದಿಗೆ ಕಾಣೋ ಹಾಗೆ ಹಾಕ್ಬೇಡ್ವೇ ಬಿಎಸ್ಸಿ!" ಎಂದು ಒಳಗಿನಿಂದ, ಮಲಗಿದಲ್ಲಿಂದಲೇ ಕೂಗಿದಳು.

ಹಾಗೇ ಬಿಟ್ಟು ಹೊರಟೆ.